ಶೂಟಿಂಗ್ ಸೆಟ್ಟಿನಲ್ಲಿ ಡಾಕ್ಟರ್ ಕೆಲಸ: ಮುಂಬೈಗೆ ಬರುವ ಕನ್ನಡದ ವೈದ್ಯರಿಗೆ ಸಮಗ್ರ ಮಾರ್ಗದರ್ಶಿ

ಹುಬ್ಬಳ್ಳಿ, ದಾವಣಗೆರೆ, ಮಂಗಳೂರು ಕಡೆ ಎಂಬಿಬಿಎಸ್ ಮುಗಿಸಿ ಮುಂಬೈಗೆ ಬಂದ ಹುಡುಗ ಹುಡುಗಿಯರು ಆಗಾಗ ನನಗೆ ಫೋನ್ ಮಾಡುತ್ತಾರೆ. "ಸರ್, ಶೂಟಿಂಗಿಗೆ ಡಾಕ್ಟರ್ ಬೇಕಂತೆ, ಹೋಗ್ಲಾ?" ಹೋಗಿ. ಒಳ್ಳೆಯ ಕೆಲಸ ಅದು. ಆದರೆ ಹೀರೋ ಪಕ್ಕ ಕುಳಿತು ಬಿಪಿ ನೋಡುವ ಕೆಲಸ ಅಂದುಕೊಂಡು ಹೋಗಬೇಡಿ. ಕಾಡಿನ ಅಂಚಿನಲ್ಲೋ ಸಮುದ್ರದ ದಂಡೆಯಲ್ಲೋ ಮುನ್ನೂರು ಜನ ಸೇರಿರುತ್ತಾರೆ, ಬೆಂಕಿ, ಕರೆಂಟು, ಕುದುರೆ, ಗಾಜು, ಹಗ್ಗ ಎಲ್ಲ ಒಂದೇ ಕಡೆ ಇರುತ್ತವೆ, ಅಷ್ಟಕ್ಕೂ ನೀವೊಬ್ಬರೇ ಡಾಕ್ಟರ್.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಕೆಳಗಿನದ್ದೆಲ್ಲ ಅದರ ಮೇಲೆಯೇ ನಿಂತಿದೆ. ಸೆಟ್ಟಿನಲ್ಲಿ ನಿಮಗೆ ದುಡ್ಡು ಕೊಡುವವರು ಪ್ರೊಡಕ್ಷನ್‌ನವರು. ನಿಮ್ಮ ಪೇಶೆಂಟು ಕ್ಯಾಮೆರಾ ಮುಂದೆ ನಿಂತಿರುವ ಮನುಷ್ಯ. ಈ ಎರಡರ ನಡುವೆ ಎಳೆದಾಟ ಆಗುವ ದಿನ ಬಂದೇ ಬರುತ್ತದೆ. "ಶಾಟ್ ನಿಲ್ಲಿಸಿ" ಅನ್ನುವ ಅಧಿಕಾರವನ್ನು ಆ ದಿನ ಹುಡುಕಿದರೆ ಸಿಗುವುದಿಲ್ಲ. ಕೆಲಸ ಒಪ್ಪಿಕೊಳ್ಳುವ ಮುಂಚೆಯೇ ಅದನ್ನು ಬರೆಸಿಕೊಂಡಿರಬೇಕು.

ಮೊದಲು ಕಾಗದಪತ್ರ

ಕರ್ನಾಟಕದಲ್ಲಿ ರಿಜಿಸ್ಟ್ರೇಷನ್ ಇದ್ದವರು ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನಿಂದ ಎನ್‌ಒಸಿ ತಗೊಂಡು ಮಹಾರಾಷ್ಟ್ರ ಮೆಡಿಕಲ್ ಕೌನ್ಸಿಲ್‌ನಲ್ಲಿ ಹೆಸರು ಹಾಕಿಸಿ. ಇದಾಗದೆ ಒಂದು ಮಾತ್ರೆಯನ್ನೂ ಬರೆಯಬೇಡಿ. ಪ್ರೊಫೆಷನಲ್ ಇಂಡೆಮ್ನಿಟಿ ಇನ್ಶೂರೆನ್ಸ್ (ಚಿಕಿತ್ಸೆಯಲ್ಲಿ ತಪ್ಪಾಯಿತು ಅಂತ ಕೇಸ್ ಬಿದ್ದರೆ ನೆರವಾಗುವ ವಿಮೆ) ಮಾಡಿಸುವಾಗ, ಆಸ್ಪತ್ರೆಯ ಹೊರಗೆ ಮಾಡುವ ಕೆಲಸಕ್ಕೂ ಅದು ಸಲ್ಲುತ್ತದೆಯೇ ಅಂತ ಏಜೆಂಟರ ಹತ್ತಿರ ಬರಹದಲ್ಲಿ ಕೇಳಿ.

ಕಾಗದಕ್ಕಿಂತ ದೊಡ್ಡದು ಕೈಯ ಅಭ್ಯಾಸ. ಕನಿಷ್ಠ ಒಂದು ವರ್ಷ ಕ್ಯಾಶುವಾಲ್ಟಿಯಲ್ಲಿ ದುಡಿಯದೆ ಸೆಟ್ಟಿಗೆ ಬರಬೇಡಿ ಅನ್ನುವುದು ನನ್ನ ಅಭಿಪ್ರಾಯ. ಬಿಎಲ್‌ಎಸ್, ಎಸಿಎಲ್‌ಎಸ್ ಕೋರ್ಸ್ (ನಿಂತ ಉಸಿರು, ಹೃದಯವನ್ನು ಮತ್ತೆ ನಡೆಸುವ ತರಬೇತಿ) ಮಾಡಿರಿ. ಕುತ್ತಿಗೆಗೆ ಪೆಟ್ಟಾದವರನ್ನು ಸ್ಪೈನ್ ಬೋರ್ಡಿಗೆ ಹೊರಳಿಸಿ ಹಾಕುವುದನ್ನು ನಾಲ್ಕು ಜನರ ಜೊತೆ ಮಾಡಿ ಮಾಡಿ ಕಲಿತಿರಿ. ಹಿಂದಿ ಬೇಕೇ ಬೇಕು. ಮರಾಠಿ ಬಂದರೆ ಲೈಟ್‌ನವರು, ಡ್ರೈವರುಗಳು ನಿಮ್ಮ ಹತ್ತಿರ ಮನಸ್ಸು ಬಿಚ್ಚಿ ಮಾತಾಡುತ್ತಾರೆ. ಇನ್ನು ಕನ್ನಡ, ತುಳು ಮಾತಾಡುವವರು ಮುಂಬೈಯ ಸೆಟ್ಟುಗಳಲ್ಲಿ ಒಬ್ಬರಲ್ಲ ಒಬ್ಬರು ಸಿಗುತ್ತಾರೆ. ಮೇಕಪ್‌ನಲ್ಲಿ, ಅಡುಗೆಯಲ್ಲಿ, ಪ್ರೊಡಕ್ಷನ್‌ನಲ್ಲಿ. ಮೊದಲ ದಿನವೇ ಅವರನ್ನು ಪರಿಚಯ ಮಾಡಿಕೊಳ್ಳಿ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಕೆಲಸ ಸಿಗುವ ದಾರಿ

ಜಾಹೀರಾತು ಕೊಟ್ಟು ಗಿರಾಕಿ ಹುಡುಕುವುದಕ್ಕೆ ವೈದ್ಯರ ನಡತೆಯ 2002ರ ನಿಯಮಗಳು ಬಿಡುವುದಿಲ್ಲ. "ಸ್ಟಾರ್‌ಗಳ ಡಾಕ್ಟರ್" ಅಂತ ಇನ್‌ಸ್ಟಾಗ್ರಾಂನಲ್ಲಿ ನಟರ ಜೊತೆ ಫೋಟೋ ಹಾಕುವುದೂ ತಪ್ಪೇ. ಕೆಲಸ ಬರುವುದು ಬಾಯಿಂದ ಬಾಯಿಗೆ. ಶೂಟಿಂಗಿಗೆ ಆಂಬುಲೆನ್ಸ್ ಕೊಡುವವರಿದ್ದಾರೆ, ಶೂಟಿಂಗಿನ ದಿನದ ಖರ್ಚು, ವ್ಯವಸ್ಥೆ ನೋಡುವ ಲೈನ್ ಪ್ರೊಡ್ಯೂಸರುಗಳಿದ್ದಾರೆ, ಎಕ್ಸಿಕ್ಯೂಟಿವ್ ಪ್ರೊಡ್ಯೂಸರುಗಳಿದ್ದಾರೆ. ಇವರಿಗೆ ನಿಮ್ಮ ನಂಬರ್ ಗೊತ್ತಿದ್ದರೆ ಸಾಕು. 2020ರ ಲಾಕ್‌ಡೌನ್ ಆದಮೇಲೆ ಶೂಟಿಂಗ್ ಮತ್ತೆ ಶುರುವಾದಾಗ ಸೆಟ್ಟಿನಲ್ಲಿ ಡಾಕ್ಟರ್ ಇರುವುದು ಎಲ್ಲರಿಗೂ ರೂಢಿಯಾಯಿತು. ದೊಡ್ಡ ಫೈಟ್, ನೀರು, ಬೆಂಕಿ ಇರುವ ದಿನ ಅವರೇ ಕರೆಯುತ್ತಾರೆ.

ದುಡ್ಡಿನ ವಿಷಯದಲ್ಲಿ ಸಂಕೋಚ ಬೇಡ. ಈ ಕ್ಷೇತ್ರದಲ್ಲಿ 90 ದಿನ ಆದಮೇಲೆ ಪೇಮೆಂಟ್ ಕೊಡುವ ಅಭ್ಯಾಸ ತುಂಬ ಕಡೆ ಇದೆ. ನಾನು ದಿನದ ಲೆಕ್ಕದಲ್ಲಿ ಬರುತ್ತೇನೆ, ಔಷಧಿ ಖರ್ಚು ಬೇರೆ, ಪ್ಯಾಕಪ್ ಆದಮೇಲೆ ಮನೆಗೆ ಹೋಗುವ ಕನ್ವೇಯನ್ಸ್ ಬೇರೆ, ಇಷ್ಟು ಗಂಟೆ ದಾಟಿದರೆ ಎರಡನೇ ಶಿಫ್ಟ್, ಹೀಗೆ ಮೊದಲೇ ಮಾತಾಡಿಕೊಳ್ಳಿ.

ಒಪ್ಪಿಕೊಳ್ಳುವ ಮುಂಚೆ ಕಳಿಸಬೇಕಾದ ಮೇಲ್

ನಾನು ಪ್ರತಿ ಕೆಲಸಕ್ಕೂ ಒಂದೇ ಮೇಲ್ ಕಳಿಸುತ್ತೇನೆ. ಉದ್ದ ಇಲ್ಲ, ಹತ್ತು ಸಾಲು. ಅದರಲ್ಲಿ ಇರುವುದು ಇಷ್ಟು. ಯಾರಿಗಾದರೂ ಜೀವಕ್ಕೆ ಅಪಾಯ ಅಂತ ಡಾಕ್ಟರಿಗೆ ಅನಿಸಿದರೆ ಶಾಟ್ ನಿಲ್ಲುತ್ತದೆ, ಅದಕ್ಕೆ ನಿರ್ದೇಶಕರ ಒಪ್ಪಿಗೆ ಕಾಯುವುದಿಲ್ಲ. ನಟರ ಆರೋಗ್ಯದ ವಿವರ ಅವರ ಒಪ್ಪಿಗೆ ಇಲ್ಲದೆ ಪ್ರೊಡಕ್ಷನ್‌ಗೆ ಕೊಡುವುದಿಲ್ಲ, ಕೆಲಸ ಮಾಡಬಹುದೇ ಇಲ್ಲವೇ ಎನ್ನುವುದನ್ನು ಮಾತ್ರ ಹೇಳುತ್ತೇನೆ. ಆಂಬುಲೆನ್ಸ್ ಸೆಟ್ಟು ಬಿಟ್ಟು ಬೇರೆ ಕೆಲಸಕ್ಕೆ ಹೋಗಬಾರದು. ಅದು ಪೇಶೆಂಟನ್ನು ಕರೆದುಕೊಂಡು ಹೋದರೆ ಇನ್ನೊಂದು ಬರುವ ತನಕ ಸ್ಟಂಟ್ ಇಲ್ಲ. ಜೂನಿಯರ್ ಆರ್ಟಿಸ್ಟಿಗೂ ಸೆಟ್ಟಿನಲ್ಲಿ ಓಡಾಡಿ ಸಹಾಯ ಮಾಡುವ ಸ್ಪಾಟ್ ದಾದಾಗೂ ಹೀರೋಗೂ ಚಿಕಿತ್ಸೆ ಒಂದೇ, ಆಸ್ಪತ್ರೆ ಖರ್ಚು ಪ್ರೊಡಕ್ಷನ್‌ನದು.

"ಓಕೆ ಡಾಕ್ಟರ್" ಅಂತ ಒಂದು ಸಾಲು ಉತ್ತರ ಬಂದರೂ ಸಾಕು. ಉತ್ತರ ಬರದಿದ್ದರೆ ನಾನು ಹೋಗುವುದಿಲ್ಲ.

ಇದನ್ನು ನಾನು ಪೆಟ್ಟು ತಿಂದು ಕಲಿತೆ. ಕೆಲಸಕ್ಕೆ ಸೇರಿದ ಮೊದಲ ತಿಂಗಳು, ಒಂದು ಡಾನ್ಸ್ ಶೂಟಿನಲ್ಲಿ ಹುಡುಗಿಯೊಬ್ಬಳ ಪಾದ ಹೊರಳಿತು. ನಾಲ್ಕು ಹೆಜ್ಜೆ ನಡೆ ಅಂದೆ, ಹಲ್ಲು ಕಚ್ಚಿಕೊಂಡು ನಡೆದಳು. ಪಾದದ ಹೊರಬದಿಯಲ್ಲಿ, ಕಿರುಬೆರಳಿನ ಮೂಳೆ ಶುರುವಾಗುವ ಉಬ್ಬಿನ ಮೇಲೆ ಒತ್ತಿದಾಗ ಅವಳು ಉಸಿರು ಎಳೆದುಕೊಂಡದ್ದು ನನಗೆ ಕೇಳಿಸಿತು. ಎಕ್ಸ್‌ರೇಗೆ ಕಳಿಸಲು ಅಷ್ಟೇ ಸಾಕಿತ್ತು. ಆದರೆ ಹಿಂದೆ ನಿಂತವರು "ಒಂದೇ ಶಾಟ್ ಡಾಕ್ಟರ್, ಇಂಜೆಕ್ಷನ್ ಕೊಟ್ಟು ಅವಳು ಎದ್ದು ನಿಲ್ಲುವ ಹಾಗೆ ಮಾಡಿ" ಅಂದರು. ಡೈಕ್ಲೋಫೆನಾಕ್ ಕೊಟ್ಟೆ, ಕ್ರೇಪ್ ಬ್ಯಾಂಡೇಜ್ ಕಟ್ಟಿದೆ. ಒಂದು ಶಾಟ್ ಆರು ಶಾಟ್ ಆಯಿತು. ಮರುದಿನ ಎಕ್ಸ್‌ರೇಯಲ್ಲಿ ಅದೇ ಉಬ್ಬು ಮುರಿದಿತ್ತು. ಅವಳು ಎರಡು ತಿಂಗಳು ಕೆಲಸ ಕಳೆದುಕೊಂಡಳು, ದಿನಗೂಲಿ ಅವಳದು. ತಪ್ಪು ನನ್ನದು. ಪಾದ ಹೊರಳಿದಾಗ ಯಾರಿಗೆ ಎಕ್ಸ್‌ರೇ ಬೇಕು ಅಂತ ಹೇಳುವ ಒಟ್ಟಾವಾ ನಿಯಮ ಓದಿ ಪಾಸಾಗಿದ್ದೆ, ಆದರೆ ಬೇಡ ಅನ್ನುವ ಧೈರ್ಯ ಇರಲಿಲ್ಲ.

ಕಾಲ್ ಶೀಟ್ ಓದಿ, ಜಾಗ ನೋಡಿ ಬನ್ನಿ

ಹಿಂದಿನ ರಾತ್ರಿ ಬರುವ, ಮರುದಿನದ ಶೂಟಿಂಗಿನ ವಿವರದ ಕಾಲ್ ಶೀಟ್‌ನಲ್ಲಿ ಎಲ್ಲವೂ ಇರುತ್ತದೆ. ಮಳೆ ಎಫೆಕ್ಟ್ ಅಂತ ಬರೆದಿದ್ದರೆ ಒದ್ದೆ ನೆಲ ಮತ್ತು ಕರೆಂಟು ಜೊತೆಗಿರುತ್ತವೆ. ಬ್ಲಾಸ್ಟ್ ಅಂದರೆ ಕಣ್ಣು, ಕಿವಿ, ಸುಟ್ಟಗಾಯ. ಮಗು ಅಂತ ಇದ್ದರೆ ಗಂಟೆ ಲೆಕ್ಕ. ನೀರು ಅಂತ ಇದ್ದರೆ ಎರಡು ಸಲ ಓದಿ. 2016ರ ನವೆಂಬರ್ 7ರಂದು ಬೆಂಗಳೂರು ಹತ್ತಿರದ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ಹೆಲಿಕಾಪ್ಟರಿನಿಂದ ಹಾರಿದ ನಮ್ಮ ಇಬ್ಬರು ನಟರು ಮುಳುಗಿ ಸತ್ತದ್ದನ್ನು ಟಿವಿಯಲ್ಲಿ ನೋಡಿದವರು ನಾವೆಲ್ಲ. ಅವರಿಗೆ ಲೈಫ್ ಜಾಕೆಟ್ ಇರಲಿಲ್ಲ. ನೀರಿನ ದೃಶ್ಯ ಇದ್ದರೆ ಬೋಟು ಚಾಲೂ ಮಾಡಿ ತೋರಿಸಿ, ಈಜುವವರು ನೀರಲ್ಲಿ ಇರಲಿ, ದಡದಲ್ಲಿ ನಿಂತಿದ್ದರೆ ಸಾಲದು, ಅಂತ ಕೇಳುವುದೂ ಡಾಕ್ಟರ ಕೆಲಸವೇ.

ಜಾಗದ ಮಾತಿಗೆ ಬಂದರೆ, ಮುಂಬೈಯ ಮಡ್ ಐಲ್ಯಾಂಡ್ ಉದಾಹರಣೆ ತಗೊಳ್ಳಿ. ಬಂಗಲೆ ಶೂಟಿಂಗ್ ಅಲ್ಲಿ ಜಾಸ್ತಿ. ವರ್ಸೋವಾದಿಂದ ಫೆರಿಯಲ್ಲಿ ಕೆಲವೇ ನಿಮಿಷ, ಯೂನಿಟ್‌ನ ಎಷ್ಟೋ ಜನ ಹಾಗೇ ಬರುತ್ತಾರೆ. ಆದರೆ ಆಂಬುಲೆನ್ಸ್ ಫೆರಿ ಹತ್ತುವುದಿಲ್ಲ. ಅದು ಮಾರ್ವೆ ರಸ್ತೆ ಹಿಡಿದು ಮಲಾಡಿಗೇ ಬರಬೇಕು, ಸಂಜೆ ಟ್ರಾಫಿಕ್‌ನಲ್ಲಿ ಆ ರಸ್ತೆ ಹೇಗಿರುತ್ತದೆ ಅಂತ ಅಲ್ಲಿ ಒಮ್ಮೆ ಸಿಕ್ಕಿಹಾಕಿಕೊಂಡವರಿಗೆ ಗೊತ್ತು. ಹಾಗಾಗಿ ಅಂಧೇರಿಯ ದೊಡ್ಡ ಆಸ್ಪತ್ರೆ ನಕ್ಷೆಯಲ್ಲಿ ನೇರ ಎದುರಿಗೆ ಕಂಡರೂ ನಿಮ್ಮ ಮೊದಲ ಆಸ್ಪತ್ರೆ ಮಲಾಡಿನದೇ. ಫಿಲ್ಮ್ ಸಿಟಿಯಿಂದಾದರೆ ಜೋಗೇಶ್ವರಿಯ ಟ್ರಾಮಾ ಆಸ್ಪತ್ರೆ ಹತ್ತಿರ, ಸುಟ್ಟಗಾಯಕ್ಕೆ ಐರೋಲಿಯ ನ್ಯಾಷನಲ್ ಬರ್ನ್ಸ್ ಸೆಂಟರ್ ನೆನಪಿರಲಿ. ಹಿಂದಿನ ದಿನವೇ ಕ್ಯಾಶುವಾಲ್ಟಿಗೆ ಫೋನ್ ಮಾಡಿ, ಸಿಟಿ ಸ್ಕ್ಯಾನ್ ರಾತ್ರಿಯೂ ನಡೆಯುತ್ತದಾ, ನ್ಯೂರೋಸರ್ಜನ್ ಸಿಗುತ್ತಾರಾ ಅಂತ ಕೇಳಿ ಬರೆದಿಟ್ಟುಕೊಳ್ಳಿ. 108 ಇದ್ದೇ ಇದೆ, ಆದರೆ ಸ್ಟಂಟ್ ಇರುವ ಸೆಟ್ಟು ಅದನ್ನೇ ನಂಬಿ ಕೂರಬಾರದು.

ಪೆಟ್ಟಿಗೆಯಲ್ಲಿ ಏನಿರಬೇಕು

ಉಸಿರು, ರಕ್ತ, ಹೃದಯ, ಅಲರ್ಜಿ. ಈ ನಾಲ್ಕಕ್ಕೆ ಮೊದಲು, ತಲೆನೋವಿನ ಮಾತ್ರೆ ಆಮೇಲೆ. ಎಇಡಿ (ಹೃದಯಕ್ಕೆ ಶಾಕ್ ಕೊಡುವ ಯಂತ್ರ), ಆಂಬು ಬ್ಯಾಗ್ (ಕೈಯಿಂದ ಒತ್ತಿ ಉಸಿರು ಕೊಡುವ ಚೀಲ), ಸಕ್ಷನ್, ಆಕ್ಸಿಜನ್. ಬಿ ಟೈಪ್ ಸಿಲಿಂಡರಿನಲ್ಲಿ ಸುಮಾರು 1500 ಲೀಟರ್ ಇರುತ್ತದೆ, ನಿಮಿಷಕ್ಕೆ 10 ಲೀಟರ್ ಬಿಟ್ಟರೆ ಎರಡೂವರೆ ಗಂಟೆ. ತುಂಬಿದೆ ಅಂತ ಡ್ರೈವರ್ ಹೇಳಿದರೆ ನಂಬಬೇಡಿ, ಕೀ ತಿರುಗಿಸಿ ಮುಳ್ಳು ನೋಡಿ. ಟೂರ್ನಿಕೇ (ರಕ್ತ ನಿಲ್ಲಿಸಲು ಬಿಗಿಯುವ ಪಟ್ಟಿ), ಗಾಜ್, ಸ್ಪ್ಲಿಂಟ್, ಕುತ್ತಿಗೆ ಪಟ್ಟಿ, ಸ್ಪೈನ್ ಬೋರ್ಡ್. ನೆಬ್ಯುಲೈಜರ್, ಸಾಲ್ಬುಟಮಾಲ್. ಗ್ಲೂಕೋಮೀಟರ್, 25 ಪರ್ಸೆಂಟ್ ಡೆಕ್ಸ್‌ಟ್ರೋಸ್. ಚಿಕ್ಕ ಇಸಿಜಿ ಯಂತ್ರ, ಆಸ್ಪಿರಿನ್. ಅಡ್ರಿನಲಿನ್ ಆಂಪ್ಯೂಲ್, ಸಿರಿಂಜ್ ಎರಡನ್ನೂ ಒಂದೇ ಕವರಿನಲ್ಲಿ ಸುತ್ತಿ ಮೇಲೆ "0.5 ಮಿಗ್ರಾಂ, ತೊಡೆಯ ಹೊರಬದಿ, ಸ್ನಾಯುವಿಗೆ" ಅಂತ ದಪ್ಪ ಅಕ್ಷರದಲ್ಲಿ ಬರೆದಿಡಿ. ಸಿಗಡಿ ತಿಂದು ಗಂಟಲು ಕಟ್ಟಿದ ಮನುಷ್ಯನ ಮುಂದೆ ಅಡ್ರಿನಲಿನ್ ಬಿಟ್ಟು ಬರೀ ಅವಿಲ್ (ಸಾಮಾನ್ಯ ಅಲರ್ಜಿ ಔಷಧಿ) ಇಂಜೆಕ್ಷನ್ ಹಿಡಿದು ನಿಂತರೆ ಹೊತ್ತು ಮೀರಿಹೋಗುತ್ತದೆ.

ಕರಾವಳಿಯ ಡಬ್ಬಿ ಊಟದಲ್ಲಿ ಏನೇನಿದೆ ಅಂತಲೂ ಅಡುಗೆಯವರನ್ನು ಕೇಳಿಟ್ಟುಕೊಳ್ಳಿ.

ಬಳಸಿದ ಸೂಜಿ ಬಿಳಿ ಗಟ್ಟಿ ಡಬ್ಬಿಗೇ ಹೋಗಬೇಕು, 2016ರ ಜೈವಿಕ ತ್ಯಾಜ್ಯ ನಿಯಮ ಅದನ್ನೇ ಹೇಳುತ್ತದೆ. ಸೆಟ್ಟಿನ ಕಸದಲ್ಲಿ ಕೈಹಾಕುವವನೂ ನಿಮ್ಮ ಪೇಶೆಂಟೇ.

ಬೆಳಿಗ್ಗೆ ಒಂದು ಸುತ್ತು

ಕಾಲ್ ಟೈಮ್‌ಗಿಂತ ಅರ್ಧ ಗಂಟೆ ಮೊದಲು ಹೋಗಿ. ಫೈಟ್ ಮಾಸ್ಟರ್ ಹತ್ತಿರ ಆ ದಿನದ ಪಟ್ಟು ಕೇಳಿ: ಎಲ್ಲಿಂದ ಬೀಳುತ್ತಾರೆ, ಕೆಳಗೆ ಏನು ಹಾಕಿದ್ದೀರಿ, ರಿಹರ್ಸಲ್ ಎಷ್ಟು ಸಲ ಆಯಿತು. ನಟರ ಹತ್ತಿರ ಒಬ್ಬೊಬ್ಬರನ್ನೇ ವ್ಯಾನಿಟಿ ವ್ಯಾನಿನಲ್ಲಿ ಮಾತಾಡಿಸಿ. ಅಲರ್ಜಿ ಏನು, ದಿನಾ ತಗೊಳ್ಳುವ ಮಾತ್ರೆ ಏನು, ರಾತ್ರಿ ಎಷ್ಟು ಹೊತ್ತು ನಿದ್ದೆ, ಕೊನೆಗೆ ನೀರು ಕುಡಿದದ್ದು ಯಾವಾಗ. ಮ್ಯಾನೇಜರ್ ಎದುರಿಗೆ ಕೇಳಬೇಡಿ, ನಿಜ ಬರುವುದಿಲ್ಲ. ಹೆಣ್ಣುಮಕ್ಕಳನ್ನು ಪರೀಕ್ಷೆ ಮಾಡುವಾಗ ನರ್ಸ್ ಅಥವಾ ಅವರೇ ಆರಿಸಿದ ಹೆಂಗಸೊಬ್ಬರು ಜೊತೆಗಿರಲಿ.

ಆಮೇಲೆ ಹೆಲ್ಪರ್‌ಗಳ ಹತ್ತಿರ ಹೋಗಿ. ಹೇರ್‌ಡ್ರೆಸರ್, ಮೇಕಪ್, ಡ್ರೆಸ್ ದಾದಾ, ಸ್ಪಾಟ್ ದಾದಾ. ನಟರ ಮೈಯಲ್ಲಿ ಏನಾಗುತ್ತಿದೆ ಅಂತ ಮೊದಲು ಗೊತ್ತಾಗುವುದು ಅವರಿಗೆ.

ಸೆಕೆ: ಸೆಟ್ಟಿನಲ್ಲಿ ನಾನು ಅತಿ ಹೆಚ್ಚು ಹೆದರುವುದು ಇದಕ್ಕೆ

ಮೇ ತಿಂಗಳು, ಪೌರಾಣಿಕ ಸೀರಿಯಲ್, ಮುಂಬೈ ಹೊರವಲಯದ ನಾಯಗಾಂವ್ ಕಡೆಯ ಬಯಲು. ರಾಜನ ವೇಷದ ನಟರಿಗೆ ಎದೆಗೆ ಫೈಬರ್ ಕವಚ, ಒಳಗೆ ದಪ್ಪ ಬಟ್ಟೆ, ತಲೆಗೆ ವಿಗ್ಗು, ಅದರ ಮೇಲೆ ಕಿರೀಟ. ನಾನು ನೆರಳಲ್ಲಿ ಕೂತಿದ್ದೆ. ಕುಂದಾಪುರದ ಮೇಕಪ್ ಅಣ್ಣ ಸ್ಪಂಜು ಕೈಯಲ್ಲೇ ಹಿಡಿದು ಬಂದರು. "ಡಾಕ್ಟ್ರೇ, ಅವರು ಮೂರು ಸಲ ನನ್ನ ಹೆಸರು ಕೇಳಿದ್ರು. ಎಂಟು ವರ್ಷದಿಂದ ಅವರಿಗೆ ಬಣ್ಣ ಹಾಕ್ತಿರೋದು ನಾನೇ ಅಲ್ವಾ?"

ಓಡಿದೆ. ನಟರು ನಿಂತೇ ಇದ್ದರು, ಬೆವರೂ ಇತ್ತು. ಪುಸ್ತಕದಲ್ಲಿ ಬರುವ ಒಣ ಚರ್ಮಕ್ಕೆ ಕಾಯಬಾರದು, ಬಿಸಿಲಲ್ಲಿ ದುಡಿಯುತ್ತ ಬರುವ ಹೀಟ್ ಸ್ಟ್ರೋಕ್‌ನಲ್ಲಿ ಬೆವರು ಇರಬಹುದು. ಗೊಂದಲ ಶುರುವಾದರೆ ಅದೇ ಗುರುತು. "ಸರ್, ಇವತ್ತು ಯಾವ ವಾರ?" ಅಂದರೆ ಅವರು ಡೈಲಾಗ್ ಹೇಳಿದರು. ಕವಚದ ಹುಕ್ಕು ಹಿಂದೆ ಇತ್ತು, ಡ್ರೆಸ್ ದಾದಾ ಬರುವ ತನಕ ಕಾಯದೆ ಕತ್ತರಿಯಲ್ಲಿ ಪಟ್ಟಿ ಕತ್ತರಿಸಿದೆ. ಗುದದ ತಾಪಮಾನ 40.8 ಡಿಗ್ರಿ ಸೆಲ್ಸಿಯಸ್. ಬಾಯಿ, ಹಣೆಯ ಥರ್ಮಾಮೀಟರ್ ಇಲ್ಲಿ ಮೋಸ ಮಾಡುತ್ತವೆ. ಮಳೆ ಎಫೆಕ್ಟ್‌ಗೆ ತಂದಿದ್ದ ಟ್ಯಾಂಕರ್ ಇತ್ತು, ಪೈಪ್ ಮೈಮೇಲೆ ಬಿಡಿಸಿದೆ, ಎರಡು ಪೆಡೆಸ್ಟಲ್ ಫ್ಯಾನ್ ಹಾಕಿಸಿದೆ, ಕುತ್ತಿಗೆ, ಕಂಕುಳು, ತೊಡೆಸಂದಿಗೆ ಐಸ್. 39ಕ್ಕೆ ಇಳಿದಮೇಲೆ ಆಂಬುಲೆನ್ಸ್ ಹೊರಟಿತು. ಮೊದಲು ತಂಪು ಮಾಡಿ, ಆಮೇಲೆ ಸಾಗಿಸಿ. ಪ್ಯಾರಾಸಿಟಮಾಲ್ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಅವರು ನಾಲ್ಕು ದಿನದಲ್ಲಿ ಮನೆಗೆ ಬಂದರು, ಆ ಮೇಕಪ್ ಅಣ್ಣನಿಂದ.

ಹಾಗಾಗಿ ಏಪ್ರಿಲ್, ಮೇ ಮತ್ತು ಅಕ್ಟೋಬರ್ ಸೆಕೆಯಲ್ಲಿ ಪ್ರತಿ ಶಾಟ್ ನಡುವೆ ಕವಚ, ವಿಗ್ಗು ಬಿಚ್ಚಿಸಿ. ನೀರಿನ ಜೊತೆ ಓಆರ್‌ಎಸ್ ಇಡಿ. ಟಾಯ್ಲೆಟ್ ದೂರ ಅಂತ, ಲೆಹೆಂಗಾ ಎತ್ತಿಕೊಂಡು ಹೋಗುವುದು ಕಷ್ಟ ಅಂತ ನಟಿಯರು ನೀರೇ ಕುಡಿಯದೆ ಕೂರುತ್ತಾರೆ. ಟಾಯ್ಲೆಟ್ ಹತ್ತಿರ ತರಿಸುವುದೂ ಚಿಕಿತ್ಸೆಯೇ.

ಪೆಟ್ಟು, ಬೀಳು, ಹೊಟ್ಟೆ

1982ರ ಜುಲೈಯಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಆವರಣದಲ್ಲಿ ಫೈಟ್ ಮಾಡುವಾಗ ಅಮಿತಾಭ್ ಬಚ್ಚನ್ ಅವರ ಹೊಟ್ಟೆಗೆ ಪೆಟ್ಟಾಯಿತು. ಗಾಯ ಎಷ್ಟು ಆಳ ಅಂತ ಮೊದಲಿಗೆ ಗೊತ್ತಾಗಲಿಲ್ಲ. ಕರುಳಿಗೆ ಗಾಯವಾದದ್ದು ತಿಳಿದು ಬೆಂಗಳೂರಲ್ಲೇ ಆಪರೇಷನ್ ಆಯಿತು, ಆಮೇಲೆ ಮುಂಬೈಗೆ ತಂದರು, ಜೀವ ಹೋಗಿ ಬಂದಂತಾಯಿತು. ಇಂದಿಗೂ ಸೆಟ್ಟಿನ ಡಾಕ್ಟರಿಗೆ ಇದಕ್ಕಿಂತ ದೊಡ್ಡ ಪಾಠ ಇಲ್ಲ. ಹೊಟ್ಟೆಗೆ ಬಿದ್ದ ಪೆಟ್ಟು ಮೊದಲ ಗಂಟೆಯಲ್ಲಿ ಸುಮ್ನೆ ಇರಬಹುದು. ಎದ್ದು ನಿಂತು "ಐ ಆಮ್ ಫೈನ್" ಅಂದರೂ ನಾಡಿ ಏರುತ್ತಿದೆಯಾ ನೋಡಿ, ಎಡ ಭುಜ ನೋಯುತ್ತದಾ ಕೇಳಿ, ಗುಲ್ಮಕ್ಕೆ ಗಾಯವಾದರೆ ನೋವು ಭುಜಕ್ಕೆ ಬರುತ್ತದೆ. ಅನುಮಾನ ಇದ್ದರೆ ಸ್ಕ್ಯಾನ್, ಆ ದಿನ ಮುಗಿಯಿತು.

ತಲೆಗೆ ಪೆಟ್ಟಾಗಿ ಒಂದು ಕ್ಷಣ ಕಣ್ಣು ಕತ್ತಲೆಯಾದವರು ಆ ದಿನ ಮತ್ತೆ ಫೈಟ್ ಮಾಡಬಾರದು, ಒಂದು ಪಂಚ್ ಕೂಡ. ಸುಟ್ಟಗಾಯಕ್ಕೆ 20 ನಿಮಿಷ ಹರಿಯುವ ನೀರು, ಟೂತ್‌ಪೇಸ್ಟ್ ಬೇಡ, ಐಸ್ ಬೇಡ. ಶಾಕ್ ಹೊಡೆದರೆ ಮೊದಲು ಜನರೇಟರ್ ಆಫ್, ಆಮೇಲೆ ಮುಟ್ಟಿ, ಆಮೇಲೆ ಇಸಿಜಿ.

ಬೇಡ ಅನ್ನಬೇಕಾದ ಬೇಡಿಕೆಗಳು

ಶರ್ಟ್ ಬಿಚ್ಚುವ ದೃಶ್ಯಕ್ಕೆ ಎರಡು ದಿನ ಮೊದಲಿನಿಂದ ನಟರು ನೀರು ಕುಡಿಯುವುದನ್ನೇ ಬಿಡುತ್ತಾರೆ. ಕೆಲವರು ಫ್ರುಸೆಮೈಡ್ (ಮೂತ್ರ ಹೆಚ್ಚು ಹೋಗಿಸುವ ಔಷಧಿ) ಕೇಳುತ್ತಾರೆ, ಮೈಯ ನರ ಎದ್ದು ಕಾಣಲಿ ಅಂತ. ಪೊಟ್ಯಾಸಿಯಂ ಇಳಿದು ಹೃದಯದ ಲಯ ತಪ್ಪಬಹುದು. ಕೊಡಬೇಡಿ. ಅವರು ಬೇರೆ ಕಡೆಯಿಂದ ತಗೊಂಡಿದ್ದರೆ ಬೈಯಬೇಡಿ, ಬೈದರೆ ಮುಂದಿನ ಸಲ ಮುಚ್ಚಿಡುತ್ತಾರೆ. ಇಸಿಜಿ ಮಾಡಿ, ರಕ್ತ ಕಳಿಸಿ, ಡಾನ್ಸ್ ಇಲ್ಲದ ಶಾಟ್ ಮೊದಲು ತೆಗೆಯಿರಿ ಅಂತ ಎಡಿಗೆ (ಅಸಿಸ್ಟೆಂಟ್ ಡೈರೆಕ್ಟರಿಗೆ) ಹೇಳಿ.

ಗಂಟಲು ಕಟ್ಟಿದಾಗ ಸ್ಟಿರಾಯ್ಡ್ ಕೇಳುತ್ತಾರೆ. ಧ್ವನಿ ಬಂದಂತೆ ಅನಿಸುತ್ತದೆ, ಒಳಗೆ ಸ್ವರತಂತುವಿನಲ್ಲಿ ರಕ್ತ ಒಸರಿದ್ದರೆ ಅದೇ ಧ್ವನಿ ಕೂಗಿ ಕೂಗಿ ಹಾಳಾಗುತ್ತದೆ. ಇಎನ್‌ಟಿಯವರು ಒಳಗೆ ನೋಡುವ ತನಕ ಮೌನ. ಡೈಲಾಗ್ ಡಬ್ಬಿಂಗಿನಲ್ಲಿ ಕೂರಿಸಬಹುದು. ನಿದ್ದೆ ಮಾತ್ರೆ ಕೇಳಿದರೆ, ಆಲ್ಪ್ರಜೋಲಮ್, ಜೋಲ್ಪಿಡೆಮ್ ಬಿಗಿ ನಿಯಂತ್ರಣದ ಔಷಧಿಗಳ ಪಟ್ಟಿಯಾದ ಶೆಡ್ಯೂಲ್ ಎಚ್1ರಲ್ಲಿವೆ, ವಾಟ್ಸಾಪ್ ಮೆಸೇಜಿಗೆ ಬರೆದುಕೊಡುವ ಔಷಧಿ ಅಲ್ಲ. ಎರಡು ಶಿಫ್ಟ್ ಸೇರಿಸಿ ದುಡಿಯುವವರಿಗೆ ಬೇಕಾದ್ದು ಮಾತ್ರೆ ಅಲ್ಲ, ಕಾಲ್ ಟೈಮ್ ಬದಲಾವಣೆ. ಅದನ್ನು ಅವರ ಪರವಾಗಿ ಕೇಳಿ.

ದಿನಾ ಬರುವ ಸಣ್ಣ ತೊಂದರೆ

ಬಣ್ಣದ ಲೆನ್ಸ್ ಒಬ್ಬರದು ಇನ್ನೊಬ್ಬರಿಗೆ ಹಾಕಿಸಬೇಡಿ, ನಲ್ಲಿ ನೀರಲ್ಲಿ ತೊಳೆಯುವುದನ್ನು ತಡೆಯಿರಿ. ಕಣ್ಣು ಕೆಂಪಾದರೆ ಲೆನ್ಸ್ ತೆಗೆಸಿ, ಕಣ್ಣಿನ ಗೀರು ತೋರಿಸುವ ಬಣ್ಣದ ಫ್ಲೋರೆಸಿನ್ ಪಟ್ಟಿ ಹಾಕಿ ನೋಡಿ, ಸ್ಟಿರಾಯ್ಡ್ ಹನಿ ಬೇಡ, ಮರಗಟ್ಟಿಸುವ ಹನಿಯನ್ನು ಕೈಗೆ ಕೊಟ್ಟು ಕಳಿಸಲೇಬೇಡಿ. ಗಡ್ಡ ಅಂಟಿಸುವ ಗೋಂದಿಗೆ ಚರ್ಮ ಉರಿಯುವವರಿಗೆ 48 ಗಂಟೆ ಮೊದಲು ತೋಳಿನ ಮೇಲೆ ಹಚ್ಚಿ ನೋಡಿ. ಹೊಗೆ ಮಷೀನು ಇರುವ ದಿನ ಆಸ್ತಮಾ ಇರುವವರ ಹೆಸರು ನಿಮ್ಮ ಜೇಬಿನಲ್ಲಿರಲಿ.

ಕಾಡು ಮತ್ತು ಮಳೆ

ಗೋರೆಗಾಂವ್ ಫಿಲ್ಮ್ ಸಿಟಿ 1977ರಲ್ಲಿ ಶುರುವಾದದ್ದು, ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೆ ಅಂಟಿಕೊಂಡೇ ಇದೆ. ಚಿರತೆ ಸುದ್ದಿಯಾಗುತ್ತದೆ, ಆದರೆ ನಾನು ಲೆಕ್ಕ ಇಡುವುದು ಹಾವಿನದು. ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಅಂಗ ಅಲುಗಾಡದಂತೆ ಸ್ಪ್ಲಿಂಟ್ ಕಟ್ಟಿ ಆಸ್ಪತ್ರೆಗೆ. ಕಟ್ಟುಹಾವು ಕಚ್ಚಿದರೆ ಎಷ್ಟೋ ಸಲ ನೋವೇ ಇರುವುದಿಲ್ಲ, ರಾತ್ರಿ ನೆಲದ ಮೇಲೆ ಮಲಗಿದ ಸೆಟ್ಟಿಂಗ್ ಹುಡುಗ ಬೆಳಿಗ್ಗೆ ರೆಪ್ಪೆ ಎತ್ತಲಾರದೆ ಎದ್ದರೆ ಅದನ್ನೇ ಮೊದಲು ಅನುಮಾನಿಸಿ.

ಮಳೆಗಾಲದಲ್ಲಿ ನಿಂತ ನೀರಲ್ಲಿ ನಡೆದವರಿಗೆ ಇಲಿಜ್ವರದ ಭಯ. 72 ಗಂಟೆಯೊಳಗೆ ಡಾಕ್ಸಿಸೈಕ್ಲಿನ್ ಕೊಡುವ ಪದ್ಧತಿ ಮುಂಬೈಯಲ್ಲಿ ಇದೆ, ಬಸುರಿಯರಿಗೆ ಮತ್ತು ಚಿಕ್ಕಮಕ್ಕಳಿಗೆ ಅದು ಬೇಡ. ಕೊಡುವಾಗ ಹೀರೋಯಿನ್‌ಗೆ ಮಾತ್ರ ಕೊಡಬೇಡಿ. ಅವಳ ಮೇಲೆ ಕೊಡೆ ಹಿಡಿದು ನೀರಲ್ಲಿ ನಿಂತವನಿಗೂ ಕೊಡಿ.

ಮಕ್ಕಳು, ಗುಟ್ಟು, ಸರ್ಟಿಫಿಕೇಟು

ಮಕ್ಕಳನ್ನು ದಿನಕ್ಕೆ ಐದು ಗಂಟೆಗಿಂತ ಜಾಸ್ತಿ, ಬಿಡುವಿಲ್ಲದೆ ಮೂರು ಗಂಟೆಗಿಂತ ಜಾಸ್ತಿ ದುಡಿಸುವಂತಿಲ್ಲ, 2017ರ ಬಾಲಕಾರ್ಮಿಕ ನಿಯಮದಲ್ಲಿ ಇದೆ. ಗಡಿಯಾರ ನೀವೇ ನೋಡಿ. ಅಮ್ಮ ಒಪ್ಪಿದ್ದಾಳೆ ಅನ್ನುವುದು ಉತ್ತರ ಅಲ್ಲ.

ಗಾಸಿಪ್ ಕೇಳುವ ಪತ್ರಕರ್ತರಿಗೂ ನಿರ್ಮಾಪಕರಿಗೂ ನಿಮ್ಮ ಮನೆಯವರಿಗೂ ಒಂದೇ ಉತ್ತರ: "ಹೇಳುವಂತಿಲ್ಲ." ಮಗು ಆಗಲಿದೆ, ಸಕ್ಕರೆ ಕಾಯಿಲೆ ಇದೆ, ಮನಸ್ಸಿಗೆ ಮಾತ್ರೆ ನಡೀತಿದೆ, ಇವೆಲ್ಲ ಒಬ್ಬರ ಹೊಟ್ಟೆಪಾಡಿನ ಪ್ರಶ್ನೆ. ಸುಳ್ಳು ಸರ್ಟಿಫಿಕೇಟು ಯಾವ ಕಡೆಗೂ ಬೇಡ. ನಟ ರಜೆ ಬೇಕು ಅಂದರೂ ಬೇಡ, ಪ್ರೊಡಕ್ಷನ್‌ನವರು ಇನ್ಶೂರೆನ್ಸ್‌ಗೆ "ಫಿಟ್" ಅಂತ ಬರೆಯಿರಿ ಅಂದರೂ ಬೇಡ. ಬರೆದ ಪ್ರತಿ ಸರ್ಟಿಫಿಕೇಟಿಗೂ ರಿಜಿಸ್ಟರ್ ಇಡಿ. ಪೇಶೆಂಟ್ ದಾಖಲೆಯನ್ನು ಕನಿಷ್ಠ ಮೂರು ವರ್ಷ ಇಡಬೇಕು, ಅವರು ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ನಾನು ಸೆಟ್ಟಿನಲ್ಲೇ ಸಮಯ ಹಾಕಿ ಬರೆಯುತ್ತೇನೆ: ಯಾರು, ಎಷ್ಟು ಹೊತ್ತಿಗೆ, ಏನು ನೋಡಿದೆ, ಏನು ಬೇಡ ಅಂದೆ, ಬೇಡ ಅಂದಮೇಲೆ ಯಾರು ಏನು ಮಾಡಿದರು.

ಪ್ಯಾಕಪ್ ಆದಮೇಲೆ

ಪ್ಯಾಕಪ್ ಕೂಗಿದ ತಕ್ಷಣ ನಟರ ಕಾರುಗಳು ಹೊರಡುತ್ತವೆ, ಆಂಬುಲೆನ್ಸ್ ಡ್ರೈವರ್ ಕೂಡ ಕೀ ತಿರುಗಿಸುತ್ತಾನೆ. ತಡೆಯಿರಿ. ಆಗ ಲೈಟ್‌ನವರು ಇನ್ನೂ ಮೇಲಿನ ಅಟ್ಟಣಿಗೆಯಲ್ಲಿ ಕತ್ತಲಲ್ಲಿ ಲೈಟು ಬಿಚ್ಚುತ್ತಿರುತ್ತಾರೆ, ಬೆಳಿಗ್ಗೆಯಿಂದ ದುಡಿದ ಕೈಕಾಲು ಸೋತಿರುತ್ತವೆ. ಕೊನೆಯ ಹುಡುಗ ಏಣಿ ಇಳಿದು ನೆಲಕ್ಕೆ ಕಾಲಿಟ್ಟಮೇಲೆ ಪೆಟ್ಟಿಗೆ ಮುಚ್ಚಿ.